ಹಳೆ ಪದ್ಮಿನಿಯನ್ನು ರೇಸ್‌ಗೆ ಇಳಿಸಬಹುದಾ? ಉಡುಪಿ, ಮಂಗಳೂರಿನವರು ಹೇಳಿ

ಕಟಪಾಡಿ ಪದ್ಮಿನಿ
ಎಲ್ಲರಿಗೂ ನಮಸ್ಕಾರ. ಮಾವನ ಮನೆಯ ಶೆಡ್ಡಿನಲ್ಲಿದ್ದ 1974ರ ಪ್ರೀಮಿಯರ್ ಪದ್ಮಿನಿ ಈಗ ನನ್ನ ಕೈಗೆ ಬಂದಿದೆ. ಎಂಜಿನ್ ಚೆನ್ನಾಗಿದೆ. ಸ್ಟೇರಿಂಗ್ ಪಕ್ಕದ ಗೇರ್ ಈಗಲೂ ಸಲೀಸಾಗಿ ಬೀಳುತ್ತದೆ. ಒರೆಸಿ, ಬಟ್ಟೆ ಮುಚ್ಚಿ, ಮದುವೆಗೆ ಮಾತ್ರ ಹೊರಗೆ ತೆಗೆಯುವ ಕಾರು ಮಾಡಲು ನನಗೆ ಮನಸ್ಸಿಲ್ಲ. ಓಡಿಸಬೇಕು, ಅದೂ ಜೋರಾಗಿ. ಹೊರದೇಶಗಳಲ್ಲಿ ನಮ್ಮಂಥ ಸಾಮಾನ್ಯ ಜನ ಹಳೆ ಕಾರುಗಳನ್ನು ತಂದು ರೇಸ್ ಮಾಡುವ ವಿಡಿಯೋ ನೋಡಿ ತಲೆಯಲ್ಲಿ ಅದೇ ತುಂಬಿಕೊಂಡಿದೆ. ಇಲ್ಲಿ ಅದಕ್ಕೆ ದಾರಿ ಉಂಟಾ? ಎಷ್ಟು ಅಪಾಯ? ರೋಲ್ ಕೇಜ್, ಅಂದರೆ ಪಲ್ಟಿಯಾದರೆ ಕಾಪಾಡುವ ಉಕ್ಕಿನ ಪೈಪಿನ ಪಂಜರ, ಒಳಗೆ ಹಾಕಿಸಬೇಕಾ? ಮನೆಯಲ್ಲಿ ಅಮ್ಮ ಬೇಡವೇ ಬೇಡ ಅನ್ನುತ್ತಿದ್ದಾರೆ. ಒಂದೂವರೆ ಲಕ್ಷದವರೆಗೆ ಖರ್ಚು ಮಾಡಬಲ್ಲೆ.

ಬೈಕಂಪಾಡಿ ಗ್ಯಾರೇಜ್
ಕಾರು ಸಿಕ್ಕಿದ್ದಕ್ಕೆ ಖುಷಿ. ಆದರೆ ಎಂಜಿನ್‌ಗೆ ಒಂದು ರೂಪಾಯಿಯೂ ಹಾಕಬೇಡಿ, ಈಗಲೇ ಹೇಳುತ್ತೇನೆ. 1089 ಸಿಸಿ, ನಲವತ್ತು ಚಿಲ್ಲರೆ ಕುದುರೆ ಶಕ್ತಿ, ಅಷ್ಟು ಸಾಕು. ಮೊದಲು ನಿಲ್ಲುವುದನ್ನು ಸರಿ ಮಾಡಿ.

ಹಳೆ ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಬ್ರೇಕ್ ಲೈನೂ ಒಂದೇ. ಒಂದು ವೀಲ್ ಸಿಲಿಂಡರ್ ಸೋರಿದರೆ ನಾಲ್ಕು ಚಕ್ರದ ಬ್ರೇಕೂ ಹೋಯಿತು. ಈಗಿನ ಕಾರಿನಲ್ಲಿ ಎರಡು ಸರ್ಕ್ಯೂಟ್ ಇರುತ್ತದೆ, ಒಂದು ಹೋದರೂ ಇನ್ನೊಂದು ಹಿಡಿಯುತ್ತದೆ. ಮೇಲಿಂದ ಮೇಲೆ ಜೋರಾಗಿ ಬ್ರೇಕ್ ಒತ್ತಿದರೆ ಡ್ರಮ್ ಕಾಯುತ್ತದೆ, ಕಾದ ಡ್ರಮ್ ಹಿಗ್ಗುತ್ತದೆ, ಲೈನರ್ ಹಿಡಿತ ಬಿಡುತ್ತದೆ. ಬ್ರೇಕ್ ಆಯಿಲ್ ಗಾಳಿಯ ನೀರು ಹೀರುವ ವಸ್ತು, ನಮ್ಮ ಊರಿನ ಮಳೆಗಾಲದಲ್ಲಿ ಕೇಳುವುದೇ ಬೇಡ. ನೀರು ಸೇರಿದ ಆಯಿಲ್ ಬೇಗ ಕುದಿಯುತ್ತದೆ, ಆವಿ ಗುಳ್ಳೆ ಬರುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಆ ಹೊತ್ತಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸುತ್ತೇನೆ ಅನ್ನುವವರು ಒಮ್ಮೆ ಖಾಲಿ ಮೈದಾನದಲ್ಲಿ ಎಳೆದು ನೋಡಲಿ.

ಎರಡನೆಯದು ತುಕ್ಕು. ಕಟಪಾಡಿ ಅಂದರೆ ಸಮುದ್ರ ಪಕ್ಕದಲ್ಲೇ. ಮೇಲಿನ ಪೇಂಟ್ ನೋಡಿ ಮೋಸ ಹೋಗಬೇಡಿ. ಕಾರನ್ನು ಎತ್ತಿಸಿ ಸ್ಕ್ರೂಡ್ರೈವರ್ ಹಿಡಿದು ಅಡಿಗೆ ಹೋಗಿ. ಬಾಗಿಲ ಕೆಳಗಿನ ಪಟ್ಟಿ, ಸೀಟ್ ಬೋಲ್ಟ್ ಇರುವ ಜಾಗ, ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಜಾಗ, ಎಲ್ಲ ಕಡೆ ಚುಚ್ಚಿ. ಕಪ್ಪು ಅಂಡರ್ ಕೋಟಿಂಗ್ ಒಳಗೆ ತಗಡೇ ಇಲ್ಲದ ಕಾರುಗಳು ನಮ್ಮ ಗ್ಯಾರೇಜಿಗೆ ಬರುತ್ತಲೇ ಇರುತ್ತವೆ.

ಕೊಡಿಯಾಲ ಕ್ರೂಸರ್
ಎಂತ ಮಾರಾಯ್ರೇ, ಆಸೆಯಿಂದ ಕೇಳಿದವರಿಗೆ ಮೊದಲ ಉತ್ತರವೇ ಇಷ್ಟು ಹೆದರಿಕೆಯಾ? ಆದಿತ್ಯವಾರ ಬೆಳಿಗ್ಗೆ 5 ಗಂಟೆಗೆ ಪಡುಬಿದ್ರಿಯಿಂದ ಸುರತ್ಕಲ್ ಕಡೆಗೆ ಹೈವೇ ಖಾಲಿ. ನಾವು ಒಂದಷ್ಟು ಜನ ಹಳೆ ಕಾರಿನವರು ಬರುತ್ತೇವೆ. ಇಲ್ಲದಿದ್ದರೆ ಆಗುಂಬೆ. ಆ 14 ತಿರುವಿನಲ್ಲಿ ಹಳೆ ಕಾರು ಏರಿಸುವ ಸುಖವೇ ಬೇರೆ. ನೀವೂ ಬನ್ನಿ.

ಪುತ್ತೂರು ಲಾಯರ್
ದಯವಿಟ್ಟು ಹೋಗಬೇಡಿ. ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷ, 10,000ವರೆಗೆ.

ದಂಡಕ್ಕಿಂತ ದೊಡ್ಡ ವಿಷಯ ಇನ್ಶೂರೆನ್ಸ್. ನಿಮ್ಮ ಪಾಲಿಸಿ ಹಾಳೆ ತೆಗೆದು ಬಳಕೆಯ ಮಿತಿ ಅಂತ ಇರುವ ಭಾಗ ಓದಿ. ರೇಸ್, ವೇಗದ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ (ಕಾರಿನ ತಾಳಿಕೆ ನೋಡುವ ಸ್ಪರ್ಧೆ) ಇವಕ್ಕೆಲ್ಲ ಕವರ್ ಇಲ್ಲ ಎಂದು ಬರೆದಿರುತ್ತದೆ. ಯಾರಿಗಾದರೂ ಗುದ್ದಿದರೆ ಮನೆ ಜಾಗ ಮಾರಿ ಕಟ್ಟಬೇಕಾದೀತು.

ಎಮರ್ಜೆನ್ಸಿ ಅಕ್ಕ
ಕ್ರೂಸರ್ ಅವರೇ, ಬೆಳಿಗ್ಗೆ 5 ಗಂಟೆಗೆ ಹೈವೇ ಖಾಲಿ ಅಂದಿರಲ್ಲ, ಯಾರಿಗೆ ಖಾಲಿ? ಮೀನಿನ ಬುಟ್ಟಿ ಹಿಡಿದು ಟೆಂಪೋ ಕಾಯುವ ಹೆಂಗಸರು, ಪೇಪರ್ ಹಾಕುವ ಹುಡುಗರು, ಡೈರಿಗೆ ಹಾಲು ತರುವವರು, ವಾಕಿಂಗ್ ಹೋಗುವ ಹಿರಿಯರು, ಎಲ್ಲರೂ ಆ ಹೊತ್ತಿಗೇ ರಸ್ತೆಯಲ್ಲಿ ಇರುತ್ತಾರೆ. ನಾನು ಎಮರ್ಜೆನ್ಸಿ ವಾರ್ಡಿನಲ್ಲಿ ನರ್ಸ್. ಇವರೆಲ್ಲ ಯಾವ ಸ್ಥಿತಿಯಲ್ಲಿ ಬರುತ್ತಾರೆ ಎಂದು ನನಗೆ ಗೊತ್ತು.

ಕಟಪಾಡಿಯವರಿಗೆ ಒಂದು ಮಾತು. ಈಗಿನ ಕಾರುಗಳಲ್ಲಿ ಮುಂದಿನ ಭಾಗ ಮುದುಡಿಕೊಂಡು ಏಟು ತಿನ್ನುತ್ತದೆ, ಸ್ಟೇರಿಂಗ್ ರಾಡ್ ಮಡಚಿಕೊಳ್ಳುತ್ತದೆ. ಹಳೆ ಕಾರುಗಳಲ್ಲಿ ಆ ರಾಡ್ ನೆಟ್ಟಗೆ ನಿಮ್ಮ ಎದೆಯ ಕಡೆ ಬರುತ್ತದೆ. ಜೊತೆಗೆ ತಲೆಯ ಹಿಂದೆ ಹೆಡ್‌ರೆಸ್ಟ್ ಇಲ್ಲ, ಮೂರು ಪಾಯಿಂಟ್ ಬೆಲ್ಟ್ ಇಲ್ಲ. ಈಗಿನ ಕಾರಿನಲ್ಲಿ ಗಾಯವಾಗಿ ಮುಗಿಯುವ ಅಪಘಾತ ಹಳೆ ಕಾರಿನಲ್ಲಿ ಜೀವಕ್ಕೇ ಬರಬಹುದು. ಅಮ್ಮ ಹೆದರುವುದು ಸರಿಯಾಗಿಯೇ ಇದೆ.

ಕೊಡಿಯಾಲ ಕ್ರೂಸರ್
ಅಕ್ಕ, ನಿಮ್ಮ ಕೆಲಸದ ಮೇಲೆ ಗೌರವ ಉಂಟು. ಆದರೆ ನಾವು ಹೋಗುವುದು 80, 90ರಲ್ಲಿ. ನಮ್ಮ ಎಕ್ಸ್‌ಪ್ರೆಸ್ ಬಸ್ಸುಗಳು ಅದಕ್ಕಿಂತ ಜಾಸ್ತಿ ಹೋಗುತ್ತವೆ.

ಮಲ್ಪೆ ರಿಟರ್ನ್
ಬಸ್ಸಿನ ಸುದ್ದಿ ತೆಗೆಯಬೇಡಿ, ಈ ಚರ್ಚೆ ಬೇರೆಯೇ ಆಗುತ್ತದೆ.

ಬೈಕಂಪಾಡಿ ಗ್ಯಾರೇಜ್
ಬಸ್ಸಿಗೆ ಏರ್ ಬ್ರೇಕ್ ಉಂಟು ಕ್ರೂಸರ್ ಅಣ್ಣ. 90ರಿಂದ ನಿಮ್ಮ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂದು ಅಳೆದಿದ್ದೀರಾ? ಆಗುಂಬೆ ಇಳಿಯುವಾಗ ಡ್ರಮ್ ವಾಸನೆ ಬರುವುದು ನಿಮಗೂ ಗೊತ್ತಿದೆ ಅಲ್ವಾ?

ಹೆಬ್ರಿ ಕಾಡು
ಆಗುಂಬೆ ಘಾಟಿ ಸೋಮೇಶ್ವರ ಅಭಯಾರಣ್ಯದ ಒಳಗೆ ಹೋಗುವ ರಸ್ತೆ. ಸಿಂಗಳೀಕಗಳು ರಸ್ತೆ ದಾಟುತ್ತವೆ, ತಿರುವಿನಲ್ಲಿ ಎದುರು ಬರುವ ವಾಹನ ಕಾಣುವುದಿಲ್ಲ. ಅಲ್ಲಿ ಸ್ಪರ್ಧೆ ಮಾಡುವುದನ್ನು ನಾನಂತೂ ಒಪ್ಪುವುದಿಲ್ಲ. ನಿಧಾನಕ್ಕೆ ಹತ್ತಿ, ಸೂರ್ಯಾಸ್ತ ನೋಡಿ, ನಿಧಾನಕ್ಕೆ ಇಳಿಯಿರಿ.

ಹಳೆ ಶೋಲಾವರಂ
ಮದ್ರಾಸಿನಲ್ಲಿ ಕೆಲಸ ಮಾಡಿದವನು ನಾನು, ಈಗ ಕದ್ರಿಯಲ್ಲಿ ನಿವೃತ್ತಿ ಜೀವನ. ಈ ಚರ್ಚೆ ನೋಡಿ ಬರೆಯದೆ ಇರಲು ಆಗಲಿಲ್ಲ.

ಈಗಿನ ಹುಡುಗರಿಗೆ ಶೋಲಾವರಂ ಅಂದರೆ ಗೊತ್ತಿರಲಿಕ್ಕಿಲ್ಲ. ಮದ್ರಾಸಿನ ಹೊರಗೆ ಯುದ್ಧಕಾಲದ ವಿಮಾನ ಪಟ್ಟಿ. 1953ರಲ್ಲಿ ಶುರುವಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ರೇಸ್ ನಡೆಸುತ್ತಿತ್ತು. ನಮ್ಮ ಮನೆ ಮುಂದೆ ನಿಲ್ಲುತ್ತಿದ್ದ ಅದೇ ಫಿಯೆಟ್ (ಆಮೇಲೆ ಪದ್ಮಿನಿ ಎಂದು ಹೆಸರಾದದ್ದು), ಅದೇ ಅಂಬಾಸಿಡರ್, ಅದೇ ಸ್ಟ್ಯಾಂಡರ್ಡ್ ಹೆರಾಲ್ಡ್ ಅಲ್ಲಿ ಸಾಲಾಗಿ ನಿಂತು ಒಟ್ಟಿಗೆ ಗರ್ಜಿಸಿದಾಗ ಮೈ ಜುಮ್ಮೆನ್ನುತ್ತಿತ್ತು. ನಮ್ಮ ಬಂಟ್ವಾಳ ಮೂಲದ ವಿಜಯ್ ಮಲ್ಯ ಅಲ್ಲಿ ಎನ್‌ಸೈನ್ ಕಂಪನಿಯ ಹಳೆ ಫಾರ್ಮುಲಾ ಒನ್ ಕಾರು ಓಡಿಸಿದ್ದರು. ಆದರೆ ಜನರ ಮನಸ್ಸು ಇರುತ್ತಿದ್ದದ್ದು ಫಿಯೆಟ್‌ಗಳ ಜಗಳದಲ್ಲೇ. ಕೊಯಮತ್ತೂರಿನ ಕರಿವರ್ಧನ್ ಅಂಥವರು ಇಂಥ ಸಾಮಾನ್ಯ ಕಾರುಗಳನ್ನು ಬಿಚ್ಚಿ ಜೋಡಿಸುತ್ತಲೇ ಮುಂದೆ ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ರೇಸ್ ಕಾರನ್ನೇ ಕಟ್ಟಿದರು. ಅವರು 1995ರಲ್ಲಿ ಸಣ್ಣ ವಿಮಾನದ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಟ್ರ್ಯಾಕ್‌ಗೆ ಅವರದೇ ಹೆಸರು.

ಕಟಪಾಡಿಯವರೇ, ನಿಮ್ಮ ಆಸೆ ಸರಿಯಾದದ್ದು. ಕಡಿಮೆ ಶಕ್ತಿಯ ಕಾರಿನಲ್ಲಿ ರೇಸ್ ಮಾಡುವ ಆನಂದವೇ ಬೇರೆ. ಒಮ್ಮೆ ವೇಗ ಕಳೆದುಕೊಂಡರೆ ಮತ್ತೆ ಗಳಿಸಲು ಅರ್ಧ ಟ್ರ್ಯಾಕ್ ಬೇಕು. ಹಾಗಾಗಿ ತಿರುವಿಗೆ ಎಲ್ಲಿಂದ ಹೋಗಬೇಕು, ಎಲ್ಲಿ ಆಕ್ಸಿಲರೇಟರ್ ಕೊಡಬೇಕು, ಗೇರ್ ಯಾವಾಗ ಇಳಿಸಬೇಕು ಎಂದು ಕೈಕಾಲು ತಾನಾಗಿ ಕಲಿಯುತ್ತದೆ. ಸಪೂರ ಟಯರ್, ಪವರ್ ಇಲ್ಲದ ಸ್ಟೇರಿಂಗ್. ರಸ್ತೆ ಏನು ಹೇಳುತ್ತಿದೆ ಎಂದು ಅಂಗೈಗೆ ಗೊತ್ತಾಗುತ್ತದೆ. 70 ಕಿಲೋಮೀಟರ್ ವೇಗದಲ್ಲೇ ಕಾರು ಮತ್ತು ನೀವು ಎರಡೂ ಪೂರ್ತಿ ಎಚ್ಚರ. ಈಗಿನ ಕಾರಿಗೆ ಆ ಅನುಭವ ಬೇಕಾದರೆ 150 ದಾಟಬೇಕು.

ಒಂದು ಎಚ್ಚರಿಕೆ. ಪ್ರತಿ ಕಾರಿಗೂ ಅದರದೇ ಚಾಳಿ ಇರುತ್ತದೆ. ಹೆರಾಲ್ಡ್‌ನ ಹಿಂದಿನ ಚಕ್ರಗಳಿಗೆ ಸ್ವಿಂಗ್ ಆಕ್ಸೆಲ್, ಅಂದರೆ ಒಂದೊಂದು ಚಕ್ರವೂ ತನ್ನ ಆಕ್ಸೆಲ್ ಸಮೇತ ಬೇರೆಬೇರೆಯಾಗಿ ಮೇಲೆ ಕೆಳಗೆ ಆಡುತ್ತದೆ. ವೇಗವಾಗಿ ತಿರುಗುವಾಗ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಭಾಗ ಮೇಲೆದ್ದು, ಚಕ್ರ ಒಳಕ್ಕೆ ಮಡಚಿ, ಕಾರು ಗಿರ್ರನೆ ತಿರುಗಿಬಿಡುತ್ತದೆ. ಪದ್ಮಿನಿ ಹಾಗಲ್ಲ, ಪಾಪದ್ದು. ಆದರೂ ಮೊದಲು ಖಾಲಿ ಮೈದಾನದಲ್ಲಿ ಕೋನ್ ಇಟ್ಟು ಅದರ ಗುಣ ಕಲಿಯಿರಿ.

ಕಟಪಾಡಿ ಪದ್ಮಿನಿ
ಸಾರ್, ಓದಿ ತುಂಬಾ ಖುಷಿಯಾಯಿತು. ಈಗ ಅಂಥ ಟ್ರ್ಯಾಕ್ ಎಲ್ಲಿ?

ಟಿಎಸ್‌ಡಿ ನ್ಯಾವಿಗೇಟರ್
ಹತ್ತಿರದ್ದು ಎಂದರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಆಮೇಲೆ ಚೆನ್ನೈ ಹೊರಗಿನ ಇರುಂಗಾಟ್ಟುಕೋಟೈ ಟ್ರ್ಯಾಕ್. ಅಧಿಕೃತ ರೇಸ್‌ಗೆ ದೇಶದ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ ಎಫ್‌ಎಂಎಸ್‌ಸಿಐ ಕೊಡುವ ಲೈಸೆನ್ಸ್ ಬೇಕು. ರೇಸ್ ಇಲ್ಲದ ದಿನ ಟ್ರ್ಯಾಕ್ ಡೇ ಇರುತ್ತದೆ, ಅಲ್ಲಿ ಸ್ಪರ್ಧೆ ಇಲ್ಲ, ನಿಮ್ಮ ಪಾಡಿಗೆ ಓಡಿಸಿ ಕಲಿಯಬಹುದು. ಕಾರನ್ನು ಓಡಿಸಿಕೊಂಡು ಹೋಗಬೇಡಿ, ಟ್ರಕ್ ಮೇಲೆ ಹಾಕಿ ಕಳಿಸಿ. ಅಲ್ಲಿ ಏನಾದರೂ ಮುರಿದರೆ ವಾಪಸ್ ಬರುವುದು ಹೇಗೆ?

ಇನ್ನೊಂದು ದಾರಿ ಟಿಎಸ್‌ಡಿ ರ್‍ಯಾಲಿ. ಟೈಮ್, ಸ್ಪೀಡ್, ಡಿಸ್ಟೆನ್ಸ್. ಇಷ್ಟು ದೂರವನ್ನು ಇಷ್ಟು ಸರಾಸರಿ ವೇಗದಲ್ಲಿ ಮುಗಿಸಬೇಕು. ಬೇಗ ಬಂದರೂ ಪೆನಾಲ್ಟಿ, ತಡವಾದರೂ ಪೆನಾಲ್ಟಿ. ಪಕ್ಕದಲ್ಲಿ ಒಬ್ಬರು ದಾರಿಯ ವಿವರ ಇರುವ ರೋಡ್ ಬುಕ್ ಹಿಡಿದು ಲೆಕ್ಕ ಮಾಡುತ್ತಿರಬೇಕು. ನನ್ನ ಹೆಂಡತಿ ಓಡಿಸುತ್ತಾಳೆ, ಲೆಕ್ಕ ನನ್ನದು. ಮನೆಯಲ್ಲಿ ಅಷ್ಟು ಮಾತು ಬೇರೆ ಯಾವತ್ತೂ ಆಡುವುದಿಲ್ಲ. ನಮ್ಮ ಕರಾವಳಿಯಿಂದ ಒಳ್ಳೆಯ ನ್ಯಾವಿಗೇಟರ್‌ಗಳು ಬಂದಿದ್ದಾರೆ, ಕಾಸರಗೋಡಿನ ಮೂಸಾ ಷರೀಫ್ ಹೆಸರು ರ್‍ಯಾಲಿ ಪ್ರಪಂಚದಲ್ಲಿ ಎಲ್ಲರಿಗೂ ಗೊತ್ತು.

ಕೊಡಿಯಾಲ ಕ್ರೂಸರ್
ಟಿಎಸ್‌ಡಿ ರೇಸ್ ಅಲ್ಲವಲ್ಲ. ಗಡಿಯಾರ ನೋಡಿಕೊಂಡು ಓಡಿಸುವುದಕ್ಕೆ ಪದ್ಮಿನಿ ಯಾಕೆ?

ಟಿಎಸ್‌ಡಿ ನ್ಯಾವಿಗೇಟರ್
ಇಟಲಿಯ ಮಿಲ್ಲೆ ಮಿಲಿಯ ಗೊತ್ತಲ್ಲ? 1927ರಿಂದ ಊರೂರ ರಸ್ತೆಯಲ್ಲಿ ಸಾವಿರ ಮೈಲಿ ಪೂರ್ತಿ ವೇಗದ ರೇಸ್. 1957ರಲ್ಲಿ ಒಂದು ಫೆರಾರಿಯ ಟಯರ್ ಸಿಡಿದು ಜನರ ಮೇಲೆ ಹೋಯಿತು. ಡ್ರೈವರ್, ನ್ಯಾವಿಗೇಟರ್, ಜೊತೆಗೆ ನೋಡುತ್ತಾ ನಿಂತಿದ್ದ 9 ಜನ ಸತ್ತರು, ಅದರಲ್ಲಿ 5 ಮಕ್ಕಳು. ಅಲ್ಲಿಗೆ ಆ ರೇಸ್ ಮುಗಿಯಿತು. 1977ರಲ್ಲಿ ಮತ್ತೆ ಶುರು ಮಾಡಿದಾಗ ಇದೇ ಸಮಯದ ಲೆಕ್ಕದ ರ್‍ಯಾಲಿ ಮಾಡಿದರು. ಇವತ್ತಿಗೂ ಕೋಟಿ ಬೆಲೆಯ ಕಾರು ಇರುವವರು ಅದಕ್ಕೆ ಮುಗಿಬೀಳುತ್ತಾರೆ.

ಕಾರ್ಕಳ ಕರೆ
ಜನ ಅಂದಾಗ ನೆನಪಾಯಿತು. ನಮ್ಮಲ್ಲಿ ಕಂಬಳಕ್ಕೆ ಬಂದವರು ಕರೆಯ, ಅಂದರೆ ಕೋಣ ಓಡುವ ಕೆಸರಿನ ಓಟದ ದಾರಿಯ, ಅಂಚಿಗೇ ನಿಲ್ಲುವುದು, ಫೋನ್ ಹಿಡಿದು ಒಳಗೆ ಬಗ್ಗುವುದು. ಕೋಣ ಓಡಿಬಂದರೆ ಕೊನೆಗೆ ಹಾರಿಕೊಳ್ಳಬಹುದು. ಕಾರು ಬಂದರೆ?

ಮಲ್ಪೆ ರಿಟರ್ನ್
ಕಂಬಳಕ್ಕೆ ಈಗ ಲೇಸರ್ ಟೈಮಿಂಗ್ ಎಲ್ಲ ಬಂದಿದೆ, ತೀರ್ಪಿನ ಜಗಳ ಎಷ್ಟೋ ಕಡಿಮೆ. ಈ ಸಲ ನಿಮ್ಮಲ್ಲಿ ಯಾವಾಗ?

ಕಾರ್ಕಳ ಕರೆ
ಪಟ್ಟಿ ಬಂದ ಮೇಲೆ ಹೇಳುತ್ತೇನೆ. ಇಲ್ಲಿ ಬೇಡ, ಕಾರಿನವರು ಬೈತಾರೆ.

ಎಮರ್ಜೆನ್ಸಿ ಅಕ್ಕ
ಕರೆ ಅಣ್ಣ ಹೇಳಿದ್ದು ತುಂಬಾ ಮುಖ್ಯ. 2019ರಲ್ಲಿ ರಾಜಸ್ಥಾನದ ಬಾರ್ಮರ್ ಹತ್ತಿರ ರಾಷ್ಟ್ರೀಯ ರ್‍ಯಾಲಿಯ ಮುಚ್ಚಿದ ರಸ್ತೆಗೆ ಬೈಕಿನಲ್ಲಿ ಬಂದ ಒಂದೇ ಕುಟುಂಬದ ಮೂವರು ಕಾರಿಗೆ ಸಿಕ್ಕಿ ಸತ್ತರು. ಹಗ್ಗ ಕಟ್ಟಿದರೆ ಸಾಲದು, ಪ್ರತಿ ಅಡ್ಡದಾರಿಗೂ ಮನುಷ್ಯರು ನಿಲ್ಲಬೇಕು. ಆಂಬುಲೆನ್ಸ್ ಮತ್ತು ಡಾಕ್ಟರ್ ಸ್ಥಳದಲ್ಲಿ ಇಲ್ಲದಿದ್ದರೆ ಮೊದಲ ಕಾರನ್ನೇ ಬಿಡಬಾರದು. ಆ ಆಂಬುಲೆನ್ಸ್ ಒಬ್ಬರನ್ನು ಕರೆದುಕೊಂಡು ಹೋದರೆ ಅದು ವಾಪಸ್ ಬರುವವರೆಗೆ ಸ್ಪರ್ಧೆ ನಿಲ್ಲಬೇಕು.

ಸುರತ್ಕಲ್ ಎಂಜಿನಿಯರ್
ರೋಲ್ ಕೇಜ್ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ. ನನ್ನ ಅಭಿಪ್ರಾಯ: ಟ್ರ್ಯಾಕ್‌ಗೆ ಹೋಗುವುದಾದರೆ ಬೇಕೇ ಬೇಕು, ಊರಲ್ಲಿ ಓಡಿಸುವುದಾದರೆ ಬೇಡವೇ ಬೇಡ. ಕೇಜ್‌ನ ಉಕ್ಕಿನ ಪೈಪ್ ನಿಮ್ಮ ತಲೆಯ ಪಕ್ಕದಲ್ಲೇ ಇರುತ್ತದೆ. ಹೆಲ್ಮೆಟ್ ಇಲ್ಲದೆ ಸಣ್ಣ ಗುದ್ದು ಆದರೂ ತಲೆ ಹೋಗಿ ಅದಕ್ಕೇ ಬಡಿಯುತ್ತದೆ. ಕೇಜ್, ಬಕೆಟ್ ಸೀಟ್, ಎರಡೂ ಭುಜ ಬಿಗಿಯುವ ಹಾರ್ನೆಸ್ ಬೆಲ್ಟ್, ಹೆಲ್ಮೆಟ್, ಕತ್ತು ಹಿಡಿಯುವ ಹ್ಯಾನ್ಸ್, ಇವೆಲ್ಲ ಒಂದೇ ಸೆಟ್. ಹಾರ್ನೆಸ್ ಮಾತ್ರ ಹಾಕಿದರೆ ಭುಜ ಸೀಟಿನಲ್ಲೇ ನಿಲ್ಲುತ್ತದೆ, ತಲೆ ಮುಂದಕ್ಕೆ ಹೋಗುತ್ತದೆ, ತಲೆಬುರುಡೆಯ ಬುಡದಲ್ಲಿ ಮುರಿಯುತ್ತದೆ. ಹ್ಯಾನ್ಸ್ ಬಂದದ್ದೇ ಅದನ್ನು ತಡೆಯಲು. ಬೈಕ್ ಹೆಲ್ಮೆಟ್ ನಡೆಯುವುದಿಲ್ಲ. ಕಾರ್ ರೇಸ್ ಹೆಲ್ಮೆಟ್‌ಗೆ ಬೆಂಕಿಯ ಪರೀಕ್ಷೆಯೂ ಇರುತ್ತದೆ, ಪೈಪಿಗೆ ಬಡಿಯುವ ಪರೀಕ್ಷೆಯೂ ಇರುತ್ತದೆ.

ಮೂಲರೂಪ ಮಣಿಪಾಲ
ಒಂದು ನಿಮಿಷ. 1974ರ ಕಾರು. 50 ವರ್ಷ ದಾಟಿದೆ. ಅದನ್ನು ಕೊರೆದು, ವೆಲ್ಡ್ ಮಾಡಿ, ಸೀಟ್ ಕಿತ್ತು ರೇಸ್ ಕಾರ್ ಮಾಡುವುದಾ? 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಬಾಳಿಕೆ, ಆಮೇಲೆ ನವೀಕರಣಕ್ಕೆ 5,000. ಚಾಸಿ, ಬಾಡಿ ಶೆಲ್, ಎಂಜಿನ್ ಬದಲಾಯಿಸಿದರೆ ಆ ಅರ್ಹತೆ ಹೋಗುತ್ತದೆ. ಪದ್ಮಿನಿ ತಯಾರಿ ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಇರುವುದರಲ್ಲಿ ಎಷ್ಟೋ ಗುಜರಿಗೆ ಹೋದವು. ಉಳಿದದ್ದನ್ನಾದರೂ ಹಾಗೇ ಬಿಡಿ.

ಸುರತ್ಕಲ್ ಎಂಜಿನಿಯರ್
ವಿಂಟೇಜ್ ನೋಂದಣಿ ಆದರೆ ದಿನಾ ಓಡಿಸುವ ಹಾಗೂ ಇಲ್ಲ. ಪ್ರದರ್ಶನ, ವಿಂಟೇಜ್ ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ. ಓಡಿಸಲು ಆಸೆಪಡುವವರಿಗೆ ಅದು ಸರಿಹೋಗುವುದಿಲ್ಲ. ಕಾರು ಓಡಲಿಕ್ಕೆ ಹುಟ್ಟಿದ್ದು.

ಮೂಲರೂಪ ಮಣಿಪಾಲ
ಓಡಿಸಬೇಡಿ ಅಂತ ನಾನು ಹೇಳಿಲ್ಲ. ಹಾಳು ಮಾಡಬೇಡಿ ಅಂದೆ. ನನ್ನ ಅಂಬಾಸಿಡರ್ ವಾರಕ್ಕೊಮ್ಮೆ ಓಡುತ್ತದೆ.

ಬೈಕಂಪಾಡಿ ಗ್ಯಾರೇಜ್
ಇಬ್ಬರೂ ಸರಿ. ಹಾಗಾಗಿ ನಾನು ಗಿರಾಕಿಗಳಿಗೆ ಹೇಳುವುದು: ಬಿಚ್ಚಿ ಮತ್ತೆ ಹಿಂದಿನ ಹಾಗೆ ಮಾಡಲು ಬರುವಂಥ ಕೆಲಸ ಮಾತ್ರ ಮಾಡಿಸಿ. ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್, ಬ್ಯಾಟರಿ ಕಟ್-ಆಫ್ ಸ್ವಿಚ್, ಒಳ್ಳೆಯ ಬೆಲ್ಟ್, ಬೆಂಕಿ ಆರಿಸುವ ಸಿಲಿಂಡರ್. ಹಳೆ ಭಾಗವನ್ನು ಗ್ರೀಸ್ ಹಚ್ಚಿ, ಹೆಸರು ಬರೆದು ಕಟ್ಟಿಡಿ. ರೇಸೇ ಮಾಡಬೇಕು ಅಂದರೆ ಅದಕ್ಕೆ ಬೇರೆ ಕಾರು ತಗೊಳ್ಳಿ. ಮಾರುತಿ 800 ಸಿಗುತ್ತದೆ, 796 ಸಿಸಿ, ಹಗುರ, ಪಾರ್ಟ್ಸ್ ಎಲ್ಲ ಕಡೆ ಉಂಟು. ಅದನ್ನು ಕೊರೆಯಿರಿ, ಕೇಜ್ ವೆಲ್ಡ್ ಮಾಡಿಸಿ, ಯಾರಿಗೂ ಬೇಸರ ಇಲ್ಲ.

ಮೂಲರೂಪ ಮಣಿಪಾಲ
ಇದು ಒಪ್ಪುವ ಮಾತು.

ಕೊಡಿಯಾಲ ಕ್ರೂಸರ್
ಇಷ್ಟೆಲ್ಲ ಕಟ್ಟಿಕೊಂಡರೂ ಟ್ರ್ಯಾಕ್‌ನಲ್ಲಿ ಸಾಯುವವರು ಸಾಯುತ್ತಾರೆ ಅಲ್ವಾ? 2023ರ ಜನವರಿಯಲ್ಲಿ ಚೆನ್ನೈ ಟ್ರ್ಯಾಕ್‌ನಲ್ಲೇ ರೇಸರ್ ಕೆ.ಇ. ಕುಮಾರ್ ತೀರಿಕೊಂಡರು. 59 ವರ್ಷ, ಅಷ್ಟು ಅನುಭವ ಇದ್ದವರು.

ಹಳೆ ಶೋಲಾವರಂ
ಹೌದು. ಇನ್ನೊಂದು ಕಾರಿಗೆ ತಾಗಿ ಟ್ರ್ಯಾಕ್ ಬಿಟ್ಟು ಹೋಗಿ ಪಲ್ಟಿ ಆಯಿತು. ಆ ಸುದ್ದಿ ಕೇಳಿ ಬಹಳ ಬೇಸರಪಟ್ಟವರಲ್ಲಿ ನಾನೂ ಒಬ್ಬ. ಟ್ರ್ಯಾಕ್‌ಗೆ ಹೋದರೆ ಅಪಾಯವೇ ಇಲ್ಲ ಎಂದು ಯಾರೂ ಹೇಳಬಾರದು. ಆದರೆ ಕ್ರೂಸರ್, ಅವರು ತಾವಾಗಿ ಒಪ್ಪಿ, ಒಪ್ಪಿದ ಜನರ ಜೊತೆ ಓಡಿಸುತ್ತಿದ್ದರು. ಪಡುಬಿದ್ರಿಯ ಮೀನಿನ ಬುಟ್ಟಿಯ ಹೆಂಗಸು ನಿಮ್ಮ ರೇಸಿಗೆ ಒಪ್ಪಿಗೆ ಕೊಟ್ಟಿಲ್ಲ.

ವಯಸ್ಸಿನ ಮಾತೂ ಉಂಟು. ಸ್ಟರ್ಲಿಂಗ್ ಮಾಸ್ ಅಂಥ ದೊಡ್ಡ ರೇಸರ್ 81ನೇ ವಯಸ್ಸಿನವರೆಗೂ ಹಳೆ ಕಾರುಗಳ ರೇಸ್‌ನಲ್ಲಿ ಓಡಿಸಿದರು. 2011ರಲ್ಲಿ ಲೆ ಮಾನ್ಸ್‌ನಲ್ಲಿ ಅರ್ಹತಾ ಸುತ್ತು ಮುಗಿಸಿ ಇಳಿದವರು, ಇವತ್ತು ನನಗೆ ಹೆದರಿಕೆ ಆಯಿತು ಎಂದು ಹೇಳಿ ಅವತ್ತೇ ನಿಲ್ಲಿಸಿಬಿಟ್ಟರು. ಅಷ್ಟು ಧೈರ್ಯ ನಮಗೆಲ್ಲ ಬರಲಿ.

ಕೊಡಿಯಾಲ ಕ್ರೂಸರ್
ಸಾರ್, ಒಪ್ಪಿಗೆಯ ಮಾತಿಗೆ ನನ್ನಲ್ಲಿ ಉತ್ತರ ಇಲ್ಲ. ಗ್ರೂಪಿನವರ ಹತ್ತಿರ ಮಾತಾಡುತ್ತೇನೆ. ಆದರೆ ನಮ್ಮ ಎರಡು ಜಿಲ್ಲೆಯಲ್ಲಿ ಒಂದು ಸರಿಯಾದ ಮೈದಾನವಾದರೂ ಸಿಗಬೇಕಲ್ಲ? ಚೆನ್ನೈಗೆ ಕಾರು ಸಾಗಿಸುವ ದುಡ್ಡು ಎಷ್ಟು ಜನರ ಹತ್ತಿರ ಉಂಟು?

ಟಿಎಸ್‌ಡಿ ನ್ಯಾವಿಗೇಟರ್
ಇದು ಸರಿಯಾದ ಪ್ರಶ್ನೆ. ಇಂಗ್ಲೆಂಡಿನ ಶೆಲ್ಸ್ಲಿ ವಾಲ್ಶ್ ಎಂಬಲ್ಲಿ 1905ರಿಂದ ಗುಡ್ಡ ಹತ್ತುವ ಸ್ಪರ್ಧೆ ನಡೆಯುತ್ತಿದೆ. ಬರೀ 1000 ಗಜದ ದಾರಿ. ಒಂದು ಸಲಕ್ಕೆ ಒಂದೇ ಕಾರು, ಎದುರಾಳಿ ಗಡಿಯಾರ ಮಾತ್ರ. ಆಟೋಕ್ರಾಸ್ ಕೂಡ ಹೀಗೇ, ಮೈದಾನದಲ್ಲಿ ದಾರಿ ಗುರುತು ಮಾಡಿ ಒಬ್ಬೊಬ್ಬರನ್ನೇ ಬಿಡುವುದು. ಖಾಸಗಿ ಜಾಗ, ಅನುಮತಿ, ದಾರಿ ಕಾಯುವ ಮಾರ್ಷಲ್‌ಗಳು, ಆಂಬುಲೆನ್ಸ್ ಇದ್ದರೆ ಇಲ್ಲೂ ಮಾಡಬಹುದು. ಮಳೆಗಾಲ ಮುಗಿದ ಮೇಲೆ ಕೂತು ಮಾತಾಡೋಣವಾ? ಮಾರ್ಷಲ್ ಆಗಿ ನಾನು ಬರುತ್ತೇನೆ.

ಎಮರ್ಜೆನ್ಸಿ ಅಕ್ಕ
ಸರಿಯಾಗಿ ಮಾಡುವುದಾದರೆ ಫಸ್ಟ್ ಏಡ್ ತರಬೇತಿ ನಾನು ಕೊಡುತ್ತೇನೆ. ಕ್ರೂಸರ್ ಅವರ ಗ್ರೂಪಿಗೆ ಮೊದಲು.

ಪುತ್ತೂರು ಲಾಯರ್
ಅನುಮತಿ ಅರ್ಜಿ ನಾನು ಬರೆದುಕೊಡುತ್ತೇನೆ. ಪೊಲೀಸ್ ಮತ್ತು ಜಿಲ್ಲಾಡಳಿತದ ಲಿಖಿತ ಒಪ್ಪಿಗೆ, ಆ ಕಾರ್ಯಕ್ರಮಕ್ಕೇ ಪ್ರತ್ಯೇಕ ಇನ್ಶೂರೆನ್ಸ್. ಇವೆರಡು ಕೈಗೆ ಬಂದ ಮೇಲೆ ಪೋಸ್ಟರ್ ಹಾಕಿ.

ಕಟಪಾಡಿ ಪದ್ಮಿನಿ
ಎಲ್ಲರಿಗೂ ತುಂಬಾ ಧನ್ಯವಾದ. ಪದ್ಮಿನಿಯನ್ನು ಕೊರೆಯುವುದಿಲ್ಲ ಎಂದು ತೀರ್ಮಾನ ಮಾಡಿದೆ. ಬ್ರೇಕ್ ಮತ್ತು ತುಕ್ಕಿನ ಕೆಲಸ ಮೊದಲು, ಆಮೇಲೆ ಟಿಎಸ್‌ಡಿ. ಅಮ್ಮನಿಗೆ ಅಕ್ಕನ ಪೋಸ್ಟ್ ಓದಿ ಹೇಳಿದೆ, ಟಿಎಸ್‌ಡಿಗೆ ಒಪ್ಪಿದರು. ಗ್ಯಾರೇಜ್ ಅಣ್ಣ, ಎಂಜಿನ್ ಹತ್ತಿರ ಸ್ವಲ್ಪ ಪೆಟ್ರೋಲ್ ವಾಸನೆ ಬರುತ್ತಿದೆ. ಅದೂ ನೋಡಬೇಕಾ?

ಬೈಕಂಪಾಡಿ ಗ್ಯಾರೇಜ್
ಅದನ್ನೇ ಎಲ್ಲಕ್ಕಿಂತ ಮೊದಲು ನೋಡಬೇಕು! ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಸೇರಿದ ಪೆಟ್ರೋಲ್. ಹಳೆ ರಬ್ಬರ್ ಪೈಪ್ ಅದನ್ನು ತಡೆಯುವುದಿಲ್ಲ, ಉಬ್ಬುತ್ತದೆ, ಬಿರುಕು ಬಿಡುತ್ತದೆ. ಪೆಟ್ರೋಲ್ ಪಂಪಿನ ಡಯಾಫ್ರಾಮ್ ಕೂಡ ಹಾಗೇ. ಕೆಳಗೆ ಕಾದ ಎಗ್ಸಾಸ್ಟ್ ಇರುತ್ತದೆ, ಒಂದು ಹನಿ ಬಿದ್ದರೆ ಸಾಕು. ಇವತ್ತೇ ಬ್ಯಾಟರಿ ವಯರ್ ಕಳಚಿಡಿ, ಕಾರು ಸ್ಟಾರ್ಟ್ ಮಾಡಬೇಡಿ. ಪೈಪ್ ಕೊಳ್ಳುವಾಗ ಎಥನಾಲ್ ತಡೆಯುವ ವಿಟಾನ್ ಪೈಪ್ ಅಂತಲೇ ಕೇಳಿ, ಕ್ಲಿಪ್ಪೂ ಹೊಸದು ಹಾಕಿ.

ಕಟಪಾಡಿ ಪದ್ಮಿನಿ
ಕಳಚಿದೆ. ಟೋಯಿಂಗ್ ಗಾಡಿ ಕಳಿಸಬಹುದಾ?

ಬೈಕಂಪಾಡಿ ಗ್ಯಾರೇಜ್
ನಾಳೆ ಹತ್ತು ಗಂಟೆಗೆ ಹುಡುಗ ಬರುತ್ತಾನೆ. ಟಯರಿನ ಪಕ್ಕದಲ್ಲಿರುವ ನಾಲ್ಕು ಅಂಕಿಯ ಫೋಟೋ ತೆಗೆದು ಕಳಿಸಿ. ಮೊದಲ ಎರಡು ಅಂಕಿ ಟಯರ್ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ಹತ್ತು ವರ್ಷ ಹಳೆಯದಾಗಿದ್ದರೆ ಟಯರಿನ ಮೇಲಿನ ಗುಂಡಿ (ಹಿಡಿತದ ಅಚ್ಚು) ಎಷ್ಟೇ ಚೆನ್ನಾಗಿದ್ದರೂ ನಾಲ್ಕೂ ಬದಲಾಯಿಸುವುದೇ.